ಲಾನ್ ಮೇಲೆ ನೀರು ನಿಂತಿದೆ ಅಂತ ಫೋನ್ ಮಾಡೋಕೆ ಮುಂಚೆ

ಭರಣಿ ಮಳೆ ಒಂದು ಗಂಟೆ ಜೋರಾಗಿ ಹೊಡೀತು ಅಂದ್ರೆ ನನ್ನ ಫೋನ್ ಶುರು. "ಸಾರ್, ಲಾನ್ ಮೇಲೆ ನೀರು ನಿಂತಿದೆ, ಇನ್ನೊಂದು ಲೋಡ್ ಕೆಂಪು ಮಣ್ಣು ಹೊಡೆಸ್ಲಾ?" ಬೇಡ ಮಾರಾಯ್ರೆ. ಚಿಕ್ಕಮಗಳೂರಿನ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸಿದವರು ಇದನ್ನೇ ಕೇಳ್ತಾರೆ, ನಾನು ಬೇಡ ಅಂತೀನಿ, ಆಮೇಲೆ ಅವ್ರು ಹೊಡೆಸೇ ಹೊಡೆಸ್ತಾರೆ.

ಕಾಂಕ್ರೀಟಲ್ಲಿ ನೀರು ಇಂಗಲ್ಲ ಅನ್ನೋದು ಎಲ್ರಿಗೂ ಗೊತ್ತು, ಅದು ಬಿಡಿ. ಮಣ್ಣಿದ್ರೂ ಇಂಗದೇ ಇರಬಹುದು ಅನ್ನೋದು ಮಾತ್ರ ಯಾರ ತಲೆಗೂ ಹೋಗ್ತಿಲ್ಲ. ಒಳ್ಳೆ ಮಣ್ಣಲ್ಲಿ ಹೆಚ್ಚುಕಮ್ಮಿ ಅರ್ಧ ಭಾಗ ಬರೀ ಸಂದು, ಎರೆಹುಳ ಕೊರೆದ ತೂತು, ಬೇರು ಸತ್ತು ಉಳಿದ ದಾರಿ ಇಂಥವೇ. ಮಳೆನೀರು ಬೇಗ ಇಳಿಯೋದು ಇದ್ರಲ್ಲಿ ದೊಡ್ಡ ಸಂದುಗಳಲ್ಲಿ. ಮನೆ ಕಟ್ಟುವಾಗ ಅದರ ಮೇಲೆ ಜೆಸಿಬಿ, ಜಲ್ಲಿ ಟಿಪ್ಪರ್, ಇಟ್ಟಿಗೆ ಲಾರಿ, ಅದೂ ಮಣ್ಣು ಒದ್ದೆ ಇರುವಾಗಲೇ ಓಡಾಡಿದ್ರೆ ಮೊದಲು ಮುಚ್ಚಿಹೋಗೋದೇ ಅವು. ಅಮೆರಿಕದ ಫ್ಲೋರಿಡಾದಲ್ಲಿ ಅಳೆದು 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಕಟ್ಟಡದ ಕೆಲಸದಿಂದ ಮಣ್ಣು ಬಿಗಿದು ಇಂಗೋ ವೇಗ ಶೇ. 70ರಿಂದ 99ರಷ್ಟು ಇಳಿದಿತ್ತು. ಅಲ್ಲಿಂದು ಮರಳು ಮಣ್ಣು, ನಮ್ದು ಜೇಡಿ ಬೆರೆತಿದ್ದು, ಇನ್ನು ನೀವೇ ಯೋಚನೆ ಮಾಡಿ.

ಈಗ ಆ ಬಿಗಿದ ನೆಲದ ಮೇಲೆ ನಾಲ್ಕಿಂಚು ಹೊಸ ಮಣ್ಣು ಹಾಕಿದ್ರೆ ಏನಾಗುತ್ತೆ? ನೀರು ಆ ನಾಲ್ಕಿಂಚು ಇಳಿದು ಕೆಳಗಿನ ಬಿಗಿ ಪದರದ ಮೇಲೆ ಕೂರುತ್ತೆ. ಬಕೆಟ್ಟಿಗೆ ಮಣ್ಣು ತುಂಬಿ ನೀರು ಹುಯ್ದಂಗೆ. ಮರಳು ಹಾಕಿದ್ರೂ ಅಷ್ಟೇ, ಜಲ್ಲಿ ಹಾಕಿದ್ರೂ ಅಷ್ಟೇ, ಮೇಲೆ ಏನೇ ಹಾಕಿ, ಕೆಳಗಿನ ತಳ ಒಡೆಯೋವರೆಗೂ ಅಷ್ಟೇ.

ಮೂಡಿಗೆರೆ ಕಡೆ ತೋಟ ಇರೋ ಹಿರಿಯರೊಬ್ರು ಕಾಫಿ ಸಾಲಿನ ನಡುವೆ ಎಷ್ಟು ಚೆಂದ ತೊಟ್ಟಿಲು ಗುಂಡಿ (ಮಳೆನೀರು ಹಿಡಿದಿಡೋ ಉದ್ದನೆ ಗುಂಡಿ) ತೆಗೆಸ್ತಾರೆ ಅಂದ್ರೆ ಅವರ ತೋಟದಿಂದ ಮಣ್ಣು ಕೊಚ್ಚಿಹೋಗೋದು ನಾನು ನೋಡಿಲ್ಲ. ಅದೇ ಯಜಮಾನ್ರು ಟೌನ್ ಮನೆ ಅಂಗಳಕ್ಕೆ "ಸೆಟ್ ಆಗ್ಲಿ" ಅಂತ ರೋಲರ್ ಹೊಡೆಸಿದ್ರು! ಹಾರೆ ಹಾಕಿ ಅಗೆದ್ವಿ. ಮೇಲೆ ರಾಡಿ, ಅದರಡಿ ಮಿಕ್ಸರ್ ತೊಳೆದ ಸಿಮೆಂಟ್ ನೀರಿನ ಬಿಳಿ ಪೊರೆ, ಅದರಡಿ ಮಣ್ಣು ಹಪ್ಪಳದಷ್ಟು ತೆಳುವಾಗಿ ಪದರ ಪದರ ಏಳ್ತಿತ್ತು, ಒಂದಡಿ ಕೆಳಗೆ ಹೋದ್ರೆ ಪೂರ್ತಿ ಒಣಗಿದ ಧೂಳು, ಮೇಲೆ ನೋಡಿದ್ರೆ ಎರಡು ದಿನದಿಂದ ನೀರು ನಿಂತಿದೆ. "ಅಲ್ರೀ, ಒಣಗೈತಲ್ರೀ ಇದು" ಅಂತ ಅವ್ರೇ ಬೆರಳಲ್ಲಿ ಉದುರಿಸಿ ನೋಡಿದ್ರು. ಬೈಯೋಣ ಅನ್ಕೊಂಡಿದ್ದೆ, ಹಲಸಿನಹಣ್ಣು ಕೊಟ್ಟು ಬಾಯಿ ಮುಚ್ಚಿಸಿಬಿಟ್ರು.

ಮಾಡಬೇಕಾದ್ದು ಇಷ್ಟು, ಒಂದೂವರೆ ಅಡಿವರೆಗೆ ತಳ ಒಡೆದು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಆಮೇಲೆ ಅದರ ಮೇಲೆ ಗಾಡಿ ನಿಲ್ಲಿಸಬೇಡಿ. ಮಣ್ಣು ಹಿಂಡಿದ್ರೆ ಕೈಗೆ ಅಂಟೋ ಟೈಮಲ್ಲಂತೂ ಅಗೆಸಲೇಬೇಡಿ, ಇನ್ನೂ ಕೆಡುತ್ತೆ.

ಹಾಗಂತ ನೀರು ಸ್ವಲ್ಪ ಹೊತ್ತು ನಿಂತ ಕೂಡ್ಲೇ ಗಾಬರಿ ಬೇಡ. ಗೋಡು ಮಣ್ಣು (ಮರಳು, ಜೇಡಿ ಹದವಾಗಿ ಬೆರೆತದ್ದು) ಗಂಟೆಗೆ 10ರಿಂದ 20 ಮಿ.ಮೀ. ನೀರು ಇಂಗಿಸುತ್ತೆ, ಜೇಡಿ ಆದ್ರೆ 1ರಿಂದ 5 ಅಷ್ಟೇ. 30x40 ಸೈಟ್ ಮೇಲೆ 40 ಮಿ.ಮೀ. ಬಿದ್ರೆ ಹತ್ತಿರ ಹತ್ತಿರ 4,500 ಲೀಟರ್, ಅದು ಒಂದೇ ಗಂಟೆಯಲ್ಲಿ ಬಿದ್ರೆ ಒಳ್ಳೆ ಗೋಡು ಮಣ್ಣೂ ತಡಬಡಾಯಿಸುತ್ತೆ. ಮಾರನೇ ದಿನಾನೂ ನಿಂತಿದ್ರೆ ಆಗ ಕರೀರಿ.

ಪಾಯದ ಪಕ್ಕ ಮಾತ್ರ ಇದ್ಯಾವುದೂ ಮಾಡ್ಬೇಡಿ, ಅಲ್ಲಿ ಮಣ್ಣು ದಮ್ಮಸು ಹೊಡೆದು ಬಿಗಿ ಇರಲೇಬೇಕು, ಇಂಗಿಸೋದೆಲ್ಲ ಗೋಡೆಯಿಂದ ಕನಿಷ್ಠ ಹತ್ತಡಿ ಆಚೆ. ಗುಡ್ಡ ಕಡಿದು ಮಣ್ಣು ತುಂಬಿಸಿ ಮಾಡಿದ ಸೈಟಾದ್ರೆ ಇಂಗಿಸೋಕೇ ಹೋಗ್ಬೇಡಿ, ಮೊದಲು ಯಾರಾದ್ರೂ ಬಂದು ನೋಡ್ಬೇಕು, ವಾಟ್ಸಾಪ್ ಫೋಟೋ ನೋಡಿ ನಾನು ಹೇಳಲ್ಲ.

ಇನ್ನೂ ಮನೆ ಶುರು ಮಾಡದೇ ಇರೋರು, ಗಿಡ ಹಾಕೋ ಮೂಲೆಗೆ ಈಗ್ಲೇ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಬಿಡಿ. ಟಿಪ್ಪರ್ ಡ್ರೈವರ್ ತಿರುಗಿಸೋಕೆ ಜಾಗ ಇಲ್ಲ ಅಂತ ಬೈತಾನೆ, ಬೈಕೊಳ್ಲಿ.