ಬಿಸಿನೀರಿನ ಬುಗ್ಗೆಯ ಪಾಚಿ: 73 ಡಿಗ್ರಿಯ ಗೆರೆ ಎಲ್ಲಿಂದ ಬಂತು

ಬಿಸಿನೀರಿನ ಬುಗ್ಗೆಗಳ ಫೋಟೋದಲ್ಲಿ ಕಾಣೋ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳೆಲ್ಲಾ ಗಂಧಕದ್ದೋ ಕಬ್ಬಿಣದ್ದೋ ಬಣ್ಣ ಅಂತ ತುಂಬಾ ಜನ ಅನ್ಕೊಂಡಿರ್ತಾರೆ. ಕೆಲವು ಕಡೆ ಅದು ನಿಜಾನೂ ಹೌದು. ಆದ್ರೆ ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿರೋ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಬುಗ್ಗೆ ಸುತ್ತ ಇರೋ ಕಿತ್ತಳೆ ಅಂಚು ಪೂರ್ತಿ ಜೀವ ಇರೋದೇ, ಕಣ್ಣಿಗೆ ಒಂದೊಂದಾಗಿ ಕಾಣದಷ್ಟು ಸಣ್ಣ ಜೀವಿಗಳು ಕೋಟಿಗಟ್ಲೆ ಸೇರ್ಕೊಂಡು ಚಾಪೆ ತರ ಹಾಸ್ಕೊಂಡಿರೋದು. ಬಿಸಿಲಿನಿಂದ ಊಟ ಮಾಡ್ಕೊಳ್ಳೋ ಇಂಥ ಜೀವ ಎಷ್ಟು ಬಿಸಿವರೆಗೆ ತಡ್ಕೊಳ್ಳುತ್ತೆ ಅನ್ನೋ ಪ್ರಶ್ನೆಗೆ ಇವತ್ತು ಸುಮಾರು 73 ಡಿಗ್ರಿ ಸೆಲ್ಸಿಯಸ್ ಅಂತ ಉತ್ತರ ಇದೆ. ಈ ಒಂದು ನಂಬರಿಗಾಗಿ ನೂರು ವರ್ಷಕ್ಕೂ ಹೆಚ್ಚು ಕಾಲ ಜಗ್ಗಾಟ ನಡೀತು.

ಇಟಲಿಯ ಪಾದುವಾದ ಬಿಸಿನೀರಲ್ಲಿ ಹಸಿರು ಗಿಡ ಬೆಳೆಯುತ್ತೆ ಅಂತ ರೋಮ್‌ನ ಲೇಖಕ ಪ್ಲಿನಿ 1ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ, ಅಂದ್ರೆ ನೋಡಿದವರಿಗೇನೂ ಕೊರತೆ ಇರ್ಲಿಲ್ಲ. ಸೂಕ್ಷ್ಮದರ್ಶಕ ಹಿಡ್ಕೊಂಡು ಸರಿಯಾಗಿ ಕೂತವರಲ್ಲಿ ದೊಡ್ಡ ಹೆಸರು ಜರ್ಮನಿಯ ಸಸ್ಯವಿಜ್ಞಾನಿ ಫರ್ಡಿನಾಂಡ್ ಕೋನ್. ಕಾರ್ಲ್ಸ್‌ಬಾದ್‌ನ (ಈಗಿನ ಚೆಕ್ ದೇಶದ ಕಾರ್ಲೋವಿ ವಾರಿ) ಬುಗ್ಗೆಯ ಪಾಚಿ ಬಗ್ಗೆ ಆತ 1862ರಲ್ಲಿ ಬರೆದ. ಅಲ್ಲಿನ ನೀರಲ್ಲಿ ಸುಣ್ಣದಂಶ ಜಾಸ್ತಿ, ನೀರು ಹರಿದಲ್ಲೆಲ್ಲಾ ಕಲ್ಲು ಕಟ್ಟುತ್ತೆ, ಆ ಕಲ್ಲು ಕಟ್ಟೋದ್ರಲ್ಲಿ ಪಾಚಿದೂ ಕೈ ಇದೆ ಅಂತ ಅವನ ವಾದ. ಲೆಕ್ಕ ಸರಳ: ಪಾಚಿ ನೀರಲ್ಲಿರೋ ಇಂಗಾಲದ ಡೈಆಕ್ಸೈಡ್ ಎಳ್ಕೊಳ್ಳುತ್ತೆ, ಅದು ಕಮ್ಮಿ ಆದಂಗೆ ಸುಣ್ಣಕ್ಕೆ ಕರಗಿಕೊಂಡಿರೋಕೆ ಆಗಲ್ಲ, ತಳಕ್ಕೆ ಕೂತ್ಕೊಳ್ಳುತ್ತೆ. ಗಾಳಿಗೆ ತೆರ್ಕೊಂಡಾಗ ಗ್ಯಾಸ್ ತಾನಾಗೇ ಹೋಗಿ ಸುಣ್ಣ ಕೂರೋದೂ ಉಂಟು, ಹಾಗಾಗಿ ಎಲ್ಲಾ ಕ್ರೆಡಿಟ್ಟೂ ಪಾಚಿಗೇ ಕೊಡೋಕಾಗಲ್ಲ. 1889ರಲ್ಲಿ ಅಮೆರಿಕದ ಭೂವಿಜ್ಞಾನಿ ವಾಲ್ಟರ್ ವೀಡ್ ಇದೇ ವಿಚಾರನ ಯೆಲ್ಲೋಸ್ಟೋನ್‌ಗೆ ತಗೊಂಡೋಗಿ, ಸುಣ್ಣದ ಕಲ್ಲಷ್ಟೇ ಅಲ್ಲ ಅಲ್ಲಿನ ಸಿಲಿಕಾ ಪದರ ಕಟ್ಟೋದ್ರಲ್ಲೂ ಇವುಗಳ ಪಾಲಿದೆ ಅಂದ.

ಉಷ್ಣಾಂಶದ ಜಗಳ ಮಾತ್ರ ಬಗೆಹರೀಲಿಲ್ಲ. ಯಾಕಂದ್ರೆ ಬುಗ್ಗೆ ಅಂದ್ರೆ ಒಂದೇ ಬಿಸಿ ಇರೋ ಜಾಗ ಅಲ್ಲ, ಬಾಯಲ್ಲಿ 90 ಡಿಗ್ರಿ ಇರೋ ನೀರು ಕಾಲುವೆಯಲ್ಲಿ ಹರೀತಾ ಹರೀತಾ ಆರುತ್ತೆ, ನಡುವಿಗಿಂತ ಅಂಚಲ್ಲಿ ಬೇಗ ಆರುತ್ತೆ, ಇನ್ನು ಪಕ್ಕದ ಕಲ್ಲಿಗೆ ಬರೀ ಹಬೆ ತಾಗ್ತಿದ್ರೆ ಅಲ್ಲಿ ಇನ್ನೂ ತಂಪು. ಥರ್ಮಾಮೀಟರ್ ನಡುವೆ ಅದ್ದಿ ಪಾಚಿನ ಅಂಚಿಂದ ಕೆರ್ಕೊಂಡ್ರೆ ನೋಟ್‌ಬುಕ್ಕಿಗೆ ತಪ್ಪು ನಂಬರ್ರೇ ಬರೋದು. ಪಾಚಿ ನಿಂತಿರೋ ಜಾಗದಲ್ಲೇ ಅಳೀಬೇಕು ಅಂತ ಹಟ ಹಿಡಿದವರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ವಿಲಿಯಂ ಸೆಚೆಲ್ ಒಬ್ಬ. ಅವನು 1903ರಲ್ಲಿ ಪಾಚಿಗೆ 75ರಿಂದ 77 ಡಿಗ್ರಿ, ಬಣ್ಣ ಇಲ್ಲದ ಬ್ಯಾಕ್ಟೀರಿಯಾಗೆ 89 ಡಿಗ್ರಿ ಅಂತ ಮಿತಿ ಹಾಕಿದ. ಆ ಕಾಲದ ಸಲಕರಣೆಗೆ ಇದು ಭಾರೀ ಹತ್ತಿರದ ಲೆಕ್ಕ ಅಂತಾನೇ ನಂಗನ್ಸುತ್ತೆ.

ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಥಾಮಸ್ ಬ್ರಾಕ್ 1964ರಲ್ಲಿ ಯೆಲ್ಲೋಸ್ಟೋನ್‌ಗೆ ಬಂದ್ಮೇಲೆ ವಿಷಯ ಸ್ಪಷ್ಟ ಆಯ್ತು. ಹರಿಯೋ ಕಾಲುವೆಯಲ್ಲಿ ಬಣ್ಣ ಶುರುವಾಗೋ ಗೆರೆ ವಿ ಆಕಾರದಲ್ಲಿರುತ್ತೆ, ಅಂಚು ತಂಪಿರೋದ್ರಿಂದ ಅಲ್ಲಿ ಪಾಚಿ ಮೇಲಿನವರೆಗೂ ಏರಿರುತ್ತೆ, ನಡುವೆ ಹಿಂದೆ ಉಳಿದಿರುತ್ತೆ. ಆ ಗೆರೆ ಮೇಲೇ ಅಳೆದ್ರೆ ಸಿಗೋದು 70ರಿಂದ 73, ಅಲ್ಲಿ ನಿಂತಿರೋದು ಸಿನೆಕೊಕಾಕಸ್ ಅನ್ನೋ ಸೂಕ್ಷ್ಮಜೀವಿ. ಬಿಸಿ ಇನ್ನೂ ಏರಿದ್ರೆ ಬಿಸಿಲಿಂದ ಆಹಾರ ಮಾಡ್ಕೊಳ್ಳೋದು ನಿಂತೋಗುತ್ತೆ, ಜೀವ ನಿಲ್ಲಲ್ಲ, ಕುದಿಯೋ ನೀರಲ್ಲೂ ಬೇರೆ ಬ್ಯಾಕ್ಟೀರಿಯಾ ಇರುತ್ವೆ. ಬ್ರಾಕ್ ಹೆಸರು ಬಂದ್ರೆ ಎಲ್ರೂ ಥರ್ಮಸ್ ಅಕ್ವಾಟಿಕಸ್ ಅನ್ನೋ ಬ್ಯಾಕ್ಟೀರಿಯಾ ಮತ್ತು ಪಿಸಿಆರ್ (ಡಿಎನ್‌ಎ ನಕಲು ಮಾಡೋ ವಿಧಾನ) ಕಥೆ ಹೇಳ್ತಾರೆ, ಅದು ದೊಡ್ಡ ವಿಷಯಾನೇ, ಆದ್ರೆ ಅದು ಬಿಸಿಲು ತಿನ್ನೋ ಜೀವಿ ಅಲ್ಲ, ಇಲ್ಲಿಗೆ ಬೇಡ.

ಇಷ್ಟೊತ್ತು ಪಾಚಿ ಪಾಚಿ ಅಂತ ಬಂದೆ, ನಿಜ ಹೇಳ್ಬೇಕಂದ್ರೆ ಈ 73 ಡಿಗ್ರಿಯವು ಸಸ್ಯಗಳೇ ಅಲ್ಲ. ಜೀವಕೋಶದಲ್ಲಿ ನ್ಯೂಕ್ಲಿಯಸ್ ಇಲ್ಲ. ಇವು ಬ್ಯಾಕ್ಟೀರಿಯಾದ ನಂಟು ಅಂತ ಕೋನ್ 1870ರ ದಶಕದಲ್ಲೇ ಅವೆರಡನ್ನೂ ಒಂದೇ ಗುಂಪಿಗೆ ಸೇರಿಸಿದ್ದ, ಆದ್ರೂ ಇವಕ್ಕೆ ಸಯಾನೋಬ್ಯಾಕ್ಟೀರಿಯಾ ಅನ್ನೋ ಹೆಸರು ಬಳಕೆಗೆ ಬಂದಿದ್ದು ನೂರು ವರ್ಷ ಆದ್ಮೇಲೆ. ನ್ಯೂಕ್ಲಿಯಸ್ ಇರೋ ನಿಜವಾದ ಪಾಚಿಗಳಲ್ಲಿ ದಾಖಲೆ ಸಯನಿಡಿಯಂ ಗುಂಪಿನದು, ಸುಮಾರು 56 ಡಿಗ್ರಿ. ನೋಡೋಕೆ ನೀಲಿ-ಹಸಿರು ಆದ್ರೂ ಕೆಂಪು ಪಾಚಿಗಳ ವಂಶ, ಅದಕ್ಕೇ ಬಹಳ ವರ್ಷ ಯಾವ ಗುಂಪಿಗೆ ಹಾಕ್ಬೇಕು ಅಂತಾನೇ ಗೊಂದಲ. ಇದರ ಮಜಾ ಏನಂದ್ರೆ ಇದು ಆಸಿಡ್ ಬುಗ್ಗೆಗಳಲ್ಲಿ ಆರಾಮಾಗಿರುತ್ತೆ, ಪಿಹೆಚ್ 4ಕ್ಕಿಂತ ಕೆಳಗೆ ಸಯಾನೋಬ್ಯಾಕ್ಟೀರಿಯಾ ಸಿಗಲ್ಲ ಅಂತ 1973ರಲ್ಲಿ ಬ್ರಾಕ್ ತೋರಿಸಿದ, ಹಾಗಾಗಿ ಅಲ್ಲಿ ಇದಕ್ಕೆ ಪೈಪೋಟಿನೇ ಇಲ್ಲ.

ಬಣ್ಣದ ವಿಷಯಕ್ಕೆ ಬಂದ್ರೆ, ಬೇಸಿಗೆಯ ಜೋರು ಬಿಸಿಲಿಗೆ ಈ ಜೀವಿಗಳಲ್ಲಿ ಕ್ಯಾರೊಟಿನಾಯ್ಡ್ ಅನ್ನೋ ಹಳದಿ-ಕಿತ್ತಳೆ ಬಣ್ಣದ ಅಂಶದ ಪಾಲು ಜಾಸ್ತಿಯಾಗಿ ಕಿತ್ತಳೆ ಕಾಣುತ್ತೆ, ಚಳಿಗಾಲದಲ್ಲಿ ಹರಿತ್ತಿನ ಪಾಲು ಹೆಚ್ಚಾಗಿ ಹಸಿರು ಎದ್ದು ಕಾಣುತ್ತೆ. ಮನುಷ್ಯರೂ ಬಣ್ಣ ಬದಲಾಯ್ಸಿದ್ದಾರೆ. ಅಲ್ಲೇ ಇರೋ ಮಾರ್ನಿಂಗ್ ಗ್ಲೋರಿ ಕೊಳಕ್ಕೆ ಜನ ನಾಣ್ಯ, ಕಸ ಎಸೆದೂ ಎಸೆದೂ ಬಿಸಿನೀರು ಬರೋ ಬಾಯಿ ಕಟ್ಕೊಳ್ತು, ನೀರು ತಣ್ಣಗಾಯ್ತು, ನೀಲಿ ಇದ್ದ ಕೊಳದ ಒಳಕ್ಕೆ ಹಳದಿ-ಕಿತ್ತಳೆ ಜೀವಿಗಳು ನುಗ್ಗಿದ್ವು.

ಇನ್ನು 73 ಡಿಗ್ರಿ ಅನ್ನೋದು ಎಲ್ಲಾ ಕಡೆಗೂ ಒಂದೇ ಅಲ್ಲ. ಐಸ್‌ಲ್ಯಾಂಡ್‌ನಲ್ಲಿ ಬೇಕಾದಷ್ಟು ಬಿಸಿ ಬುಗ್ಗೆ ಇದ್ರೂ ಗೆರೆ ಸುಮಾರು 64 ಡಿಗ್ರಿಗೇ ನಿಂತಿದೆ, ಅತಿ ಬಿಸಿ ತಡೆಯೋ ಸಿನೆಕೊಕಾಕಸ್ ಅಲ್ಲಿಲ್ಲ ಅಂತ ಅಮೆರಿಕದ ವಿಜ್ಞಾನಿ ರಿಚರ್ಡ್ ಕ್ಯಾಸ್ಟನ್‌ಹೋಲ್ಜ್ 1969ರಲ್ಲಿ ಬರೆದ್ರು. ಬುಗ್ಗೆಯಿಂದ ಬುಗ್ಗೆಗೆ ಹೋಗ್ಬೇಕಂದ್ರೆ ತಣ್ಣನೆ ಗಾಳಿ, ಒಣ ನೆಲ, ಸಮುದ್ರ ದಾಟ್ಬೇಕು. 2003ರಲ್ಲಿ ಬೇರೆ ಬೇರೆ ಪ್ರದೇಶಗಳ ಸಿನೆಕೊಕಾಕಸ್ ಡಿಎನ್‌ಎ ಹೋಲಿಸಿ ನೋಡ್ದಾಗ್ಲೂ ಒಂದೊಂದು ಪ್ರದೇಶದ ವಂಶಾನೇ ಬೇರೆ ಅಂತ ಬಂತು.