ಓವನ್ ಇಲ್ಲದ ಮನೆಗಳ ಚಹಾ ತಿಂಡಿ: ಡ್ರಾಪ್ ಸ್ಕೋನ್ ಬೆಳೆದು ಬಂದ ದಾರಿ

1599ರಲ್ಲಿ ಸ್ಕಾಟ್ಲೆಂಡಿನ ದೊರೆ ಆರನೇ ಜೇಮ್ಸ್, ಕೂರೋಸ್ ಎಂಬ ಸಣ್ಣ ಊರಿನ ಕಮ್ಮಾರರಿಗೆ ಒಂದು ವಿಶೇಷ ಹಕ್ಕು ಕೊಟ್ಟ. ರೊಟ್ಟಿ ಬೇಯಿಸುವ ಕಬ್ಬಿಣದ ಕಾವಲಿಯನ್ನು ಅವರ ಹೊರತು ಬೇರೆ ಯಾರೂ ಮಾಡುವಂತಿರಲಿಲ್ಲ. ಫೋರ್ತ್ ಕೊಲ್ಲಿಯ ದಡದಲ್ಲಿದ್ದ ಆ ಊರಿಗೆ ಕಲ್ಲಿದ್ದಲಿನ ಕೊರತೆ ಇರಲಿಲ್ಲ. ಜಾರ್ಜ್ ಬ್ರೂಸ್ ಎಂಬ ಉದ್ಯಮಿ ಸಮುದ್ರದ ತಳದ ಕೆಳಗೇ ಗಣಿ ತೋಡಿಸಿದ್ದ. 1666ರಲ್ಲಿ ಎರಡನೇ ಚಾರ್ಲ್ಸ್ ಕಮ್ಮಾರರ ಹಕ್ಕನ್ನು ಮತ್ತೊಮ್ಮೆ ಸ್ಥಿರಪಡಿಸಿದ. ಒಂದು ಕಾವಲಿಗಾಗಿ ಇಬ್ಬರು ದೊರೆಗಳು ಆಜ್ಞೆ ಹೊರಡಿಸಿದ್ದಾರೆ ಎಂದರೆ ಆ ನಾಡಿನ ಹೊಟ್ಟೆ ತುಂಬಿಸುವುದರಲ್ಲಿ ಅದರ ಪಾಲು ಎಷ್ಟಿತ್ತು ಎಂದು ಊಹಿಸಬಹುದು.

ಬ್ರಿಟನ್ನಿನ ಚಹಾ ವೇಳೆಗೆ ಬೆಣ್ಣೆ, ಜಾಮ್ ಹಚ್ಚಿ ತಿನ್ನುವ ಅಂಗೈಯಗಲದ ದಪ್ಪ ಪ್ಯಾನ್‌ಕೇಕ್ ಈ ಕಾವಲಿಯ ಮೇಲೆ ರೂಪುಗೊಂಡ ತಿಂಡಿ. ಡ್ರಾಪ್ ಸ್ಕೋನ್, ಸ್ಕಾಚ್ ಪ್ಯಾನ್‌ಕೇಕ್ ಎಂಬ ಎರಡು ಹೆಸರುಗಳೂ ಬಳಕೆಯಲ್ಲಿವೆ. ಇತ್ತೀಚೆಗೆ ಇದನ್ನು ರಾಣಿಯ ಪ್ಯಾನ್‌ಕೇಕ್ ಎಂದು ಕರೆಯುವುದು ರೂಢಿಯಾಗುತ್ತಿದೆ. ಅದಕ್ಕೆ ಕಾರಣವೂ ಇದೆ, ಮುಂದೆ ಹೇಳುತ್ತೇನೆ. ಆದರೆ ಈ ತಿಂಡಿಯನ್ನು ರೂಪಿಸಿದವರು ಓವನ್ ಕಟ್ಟಿಸಿಕೊಳ್ಳುವ ಅನುಕೂಲವಿಲ್ಲದಿದ್ದ ಮನೆಗಳ ಹೆಂಗಸರು. ಆ ಶ್ರೇಯಸ್ಸು ಅವರಿಗೇ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ಸ್ಕಾಟ್ಲೆಂಡಿನ ಚಳಿಗೆ, ತೇವಕ್ಕೆ ಗೋಧಿ ಸುಲಭವಾಗಿ ಒಗ್ಗುವ ಬೆಳೆಯಲ್ಲ. ಓಟ್ಸ್ ಮತ್ತು ಬಾರ್ಲಿ ಅಲ್ಲಿನ ಜನರ ಮುಖ್ಯ ಧಾನ್ಯಗಳಾಗಿದ್ದವು. ಇವೆರಡರ ಹಿಟ್ಟೂ ಗೋಧಿಯಂತೆ ಹಿಗ್ಗಿ ದೊಡ್ಡ ಬ್ರೆಡ್ ಆಗುವುದಿಲ್ಲ; ತಟ್ಟಿ ಬೇಯಿಸಿದರೇ ರುಚಿ. ಹಳ್ಳಿಯ ಬಡ ಮನೆಗಳಲ್ಲಿ ನಡುಮನೆಯ ಬೆಂಕಿಯೇ ಒಲೆ, ಅದಕ್ಕೆ ಉರುವಲು ಜೌಗುನೆಲದಿಂದ ಕಡಿದು ಒಣಗಿಸಿದ ಪೀಟ್, ಅಂದರೆ ಗಿಡಗಂಟಿ ಕೊಳೆತು ಆದ ಮಣ್ಣು. ಬೆಂಕಿಯ ಮೇಲೆ ಇಳಿಬಿಟ್ಟ ಕೊಕ್ಕೆಗೆ ಬಳೆಯಂಥ ಹಿಡಿಯುಳ್ಳ ಕಾವಲಿಯನ್ನು ತೂಗುಹಾಕಿ, ಅದರ ಮೇಲೆ ಬ್ಯಾನಕ್ ಎಂಬ ದಪ್ಪ ರೊಟ್ಟಿ ಬೇಯಿಸುತ್ತಿದ್ದರು. ಈ ಅಭ್ಯಾಸ ಬಹಳ ಹಳೆಯದು. ಸ್ಕಾಟ್ ಸೈನಿಕರು ಕುದುರೆಯ ಜೀನಿನಡಿ ಒಂದು ಲೋಹದ ತಟ್ಟೆ, ಬೆನ್ನ ಹಿಂದೆ ಒಂದು ಚೀಲ ಓಟ್ಸ್ ಹಿಟ್ಟು ಇಟ್ಟುಕೊಂಡು ದಂಡಯಾತ್ರೆಗೆ ಹೊರಡುತ್ತಿದ್ದರೆಂದು 14ನೇ ಶತಮಾನದ ಚರಿತ್ರಕಾರ ಫ್ರ್ವಾಸಾರ್ ಬರೆದಿದ್ದಾನೆ. ತಟ್ಟೆ ಕಾಯಿಸಿ, ಹಿಟ್ಟನ್ನು ನೀರಿನಲ್ಲಿ ಕಲಸಿ ಹೊಯ್ದರೆ ಅವರ ಊಟ ಸಿದ್ಧ.

ಕೂರೋಸ್ ಕಮ್ಮಾರರ ಕಾಲ 18ನೇ ಶತಮಾನದಲ್ಲಿ ಮುಗಿಯುತ್ತಾ ಬಂತು. 1759ರಲ್ಲಿ ಫಾಲ್ಕರ್ಕ್ ಹತ್ತಿರ ಕ್ಯಾರನ್ ಕಬ್ಬಿಣದ ಕಾರ್ಖಾನೆ ಶುರುವಾಯಿತು. ನೌಕಾಪಡೆಯ ಹಡಗುಗಳಿಗೆ ಕ್ಯಾರನೇಡ್ ಎಂಬ ಗಿಡ್ಡ ಫಿರಂಗಿ ಎರಕ ಹೊಯ್ದು ಹೆಸರಾದ ಕಾರ್ಖಾನೆ ಅದು. ಬಡಿದು ಮಾಡಿದ ಕಾವಲಿಗೆ ಎರಕದ ಅಗ್ಗದ ಕಾವಲಿ ಎದುರಾದಾಗ ರಾಜಾಜ್ಞೆಗೆ ಬೆಲೆ ಉಳಿಯಲಿಲ್ಲ. ಹೆಚ್ಚು ಮನೆಗಳಿಗೆ ಕಾವಲಿ ಬಂತು. 1846ರಲ್ಲಿ ಬ್ರಿಟಿಷ್ ಸಂಸತ್ತು ಆಮದು ಧಾನ್ಯದ ಮೇಲೆ ಸುಂಕ ಹೇರುತ್ತಿದ್ದ ಕಾಯಿದೆಗಳನ್ನು ರದ್ದು ಮಾಡಲು ನಿರ್ಧರಿಸಿದ ಮೇಲೆ, ಕ್ರಮೇಣ ಹೊರದೇಶಗಳ ಗೋಧಿಯೂ ಬಡವರ ಕೈಗೆ ಎಟುಕಿತು.

ಕಾವಲಿ ಇತ್ತು, ಗೋಧಿ ಹಿಟ್ಟು ಬಂತು. ಆದರೆ ಹಿಟ್ಟನ್ನು ಉಬ್ಬಿಸುವುದು ಹೇಗೆ? ಅಲ್ಲಿಯವರೆಗೆ ಇದ್ದ ಮುಖ್ಯ ದಾರಿ ಬಿಯರ್ ನೊರೆಯಿಂದ ತೆಗೆದ ಯೀಸ್ಟ್. ಅದು ಗಂಟೆಗಟ್ಟಲೆ ಕಾಯಿಸುತ್ತದೆ, ಚಳಿಯಲ್ಲಿ ಮುಷ್ಕರ ಹೂಡುತ್ತದೆ, ಒಮ್ಮೊಮ್ಮೆ ಕಹಿಯಾಗುತ್ತದೆ. ಇಂಗ್ಲೆಂಡಿನ ಚಹಾ ವೇಳೆಯ ಇನ್ನೊಂದು ತಿಂಡಿಯಾದ, ಮೈತುಂಬ ತೂತಿನ ಕ್ರಂಪೆಟ್ ಇಂದಿಗೂ ಯೀಸ್ಟಿನದೇ. ಡ್ರಾಪ್ ಸ್ಕೋನ್ ಬೇರೆ ಹಾದಿ ಹಿಡಿದದ್ದು ಅಡುಗೆ ಸೋಡಾದಿಂದ. ಸೋಡಾಕ್ಕೆ ಹುಳಿ ಸೇರಿ ತೇವ ತಾಗಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಗುಳ್ಳೆ ಏಳುತ್ತದೆ. ಹುಳಿಗಾಗಿ ಮಜ್ಜಿಗೆ ಇತ್ತು. ಬೆಣ್ಣೆ ಕಡೆಯುವ ಪ್ರತಿ ಹಳ್ಳಿಮನೆಯಲ್ಲೂ ಅದು ಉಳಿಯುತ್ತಿತ್ತು. ಪೇಟೆಯವರಿಗೆ ಕ್ರೀಮ್ ಆಫ್ ಟಾರ್ಟರ್ ಸಿಗುತ್ತಿತ್ತು. ವೈನ್ ಪೀಪಾಯಿಗಳ ಒಳಮೈಗೆ ಅಂಟುವ ಹರಳನ್ನು ಶುದ್ಧ ಮಾಡಿದರೆ ಸಿಗುವ ಬಿಳಿ ಪುಡಿ ಅದು.

1843ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಔಷಧ ವ್ಯಾಪಾರಿ ಆಲ್ಫ್ರೆಡ್ ಬರ್ಡ್ ಸೋಡಾವನ್ನೂ ಪುಡಿ ರೂಪದ ಹುಳಿಯನ್ನೂ ಒಟ್ಟಿಗೆ ತಂದು ಬೇಕಿಂಗ್ ಪೌಡರ್ ತಯಾರಿಸಿದ. ಯೀಸ್ಟ್ ತಿಂದರೆ ಹೆಂಡತಿಯ ಹೊಟ್ಟೆಗೆ ಆಗುತ್ತಿರಲಿಲ್ಲ ಎಂಬುದೇ ಈ ಶೋಧಕ್ಕೆ ಪ್ರೇರಣೆ. ಆಕೆಗೆ ಮೊಟ್ಟೆಯೂ ಆಗದಿದ್ದುದರಿಂದ ಮೊಟ್ಟೆಯಿಲ್ಲದ ಕಸ್ಟರ್ಡ್ ಪೌಡರ್ ಕಂಡುಹಿಡಿದವನೂ ಅವನೇ. ನಮ್ಮ ಮನೆಗಳ ಹಣ್ಣಿನ ಕಸ್ಟರ್ಡ್ ಹಿಂದೆ ಇಂಥದೊಂದು ದಾಂಪತ್ಯ ಇದೆ ಎನ್ನುವುದು ನನಗೆ ತುಂಬ ಪ್ರಿಯವಾದ ಸಂಗತಿ. ಎರಡೇ ವರ್ಷಗಳಲ್ಲಿ, 1845ರಲ್ಲಿ, ಬ್ರಿಸ್ಟಲ್‌ನ ಬೇಕರಿಯವ ಹೆನ್ರಿ ಜೋನ್ಸ್ ತಾನಾಗಿ ಉಬ್ಬುವ ಹಿಟ್ಟಿಗೆ ಪೇಟೆಂಟ್ ಪಡೆದ.

ಇದರಿಂದ ಮನೆಯಾಕೆಗೆ ಸಿಕ್ಕಿದ್ದು ಸಮಯ. ಹಿಟ್ಟು, ಸಕ್ಕರೆ, ಸೋಡಾ ಯಾವಾಗಲೂ ಡಬ್ಬದಲ್ಲಿರುತ್ತವೆ. ಬಾಗಿಲು ತಟ್ಟಿ ನೆಂಟರು ಒಳಬಂದು ಕೋಟು ಬಿಚ್ಚಿ ಕೂರುವಷ್ಟರಲ್ಲಿ ಹಿಟ್ಟು ಕಲಸಿ, ಕೆಟಲ್‌ನ ನೀರು ಕುದಿಯುವ ಹೊತ್ತಿಗೆ ಮೊದಲ ಸುತ್ತು ಕಾವಲಿಯಿಂದ ಇಳಿಸಬಹುದು.

ಆ ಕೆಟಲ್‌ಗೂ ಒಂದು ಚರಿತ್ರೆ ಇದೆ. 1784ರವರೆಗೆ ಬ್ರಿಟನ್ನಿನಲ್ಲಿ ಚಹಾದ ಮೇಲಿನ ಸುಂಕ ಶೇ. 119ರಷ್ಟಿತ್ತು, ಅರ್ಧ ನಾಡು ಕಳ್ಳಸಾಗಣೆಯ ಸೊಪ್ಪು ಕುಡಿಯುತ್ತಿತ್ತು ಎಂದರೂ ನಡೆದೀತು. ಆ ವರ್ಷ ಸುಂಕವನ್ನು ಶೇ. 12.5ಕ್ಕೆ ಇಳಿಸಿದರು. 1839ರಲ್ಲಿ ಅಸ್ಸಾಂ ಚಹಾ ಮೊದಲ ಬಾರಿ ಲಂಡನ್‌ನಲ್ಲಿ ಹರಾಜಾಯಿತು. 1840ರ ಸುಮಾರಿಗೆ ಬೆಡ್‌ಫರ್ಡ್‌ನ ಡಚೆಸ್ ಅನ್ನಾ ಅಪರಾಹ್ನದ ಚಹಾ ಕೂಟಗಳನ್ನು ರೂಢಿಗೆ ತಂದಳೆಂಬ ಮಾತು ಎಲ್ಲೆಡೆ ಸಿಗುತ್ತದೆ. ಅದು ಸಿರಿವಂತರ ಚಹಾ. ದುಡಿಯುವವರ ಮನೆಯ ಚಹಾ ಎಂದರೆ ಸಂಜೆ ಐದು ಆರರ ಹೊತ್ತಿಗೆ ಕೆಲಸದಿಂದ ಬಂದವರ ಊಟ: ಬ್ರೆಡ್ಡು, ತಣ್ಣಗಿನ ಮಾಂಸ ಅಥವಾ ಮೀನು, ಕೊನೆಗೆ ಕಾವಲಿಯ ಮೇಲಿನದೊಂದು ಸಿಹಿ. ಡ್ರಾಪ್ ಸ್ಕೋನ್ ಬೇರೂರಿದ್ದು ಈ ಮೇಜಿನ ಮೇಲೆ. ಗ್ಲಾಸ್ಗೋದಲ್ಲಿ ಕೇಟ್ ಕ್ರ್ಯಾನ್‌ಸ್ಟನ್ 1878ರಿಂದ ಒಂದೊಂದಾಗಿ ಟೀ ರೂಮ್‌ಗಳನ್ನು ತೆರೆದರು. ಮದ್ಯಪಾನ ವಿರೋಧಿ ಚಳವಳಿ ಜೋರಾಗಿದ್ದ ಆ ಊರಿನಲ್ಲಿ ಹೆಂಗಸರೂ ನಿಶ್ಚಿಂತೆಯಿಂದ ಕೂತು ಚಹಾ ಕುಡಿದು ತಿಂಡಿ ತಿನ್ನಲು ಒಂದು ಜಾಗವಾಯಿತು.

ವಲಸೆ ಹೋದವರ ಜೊತೆ ಈ ತಿಂಡಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೂ ಹೋಯಿತು. ಅಲ್ಲಿ ಅದು ಪೈಕ್ಲೆಟ್. ವೇಲ್ಸಿನವರದು ಬೇರೆಯೇ ಕವಲು: ಒಣದ್ರಾಕ್ಷಿ ಸೇರಿಸಿ ಲಟ್ಟಿಸಿ ಬೇಯಿಸುವ ವೆಲ್ಷ್ ಕೇಕ್.

ಎರಡನೇ ಮಹಾಯುದ್ಧದಲ್ಲಿ ಈ ತಿಂಡಿಯ ಹಲವು ಸಾಮಗ್ರಿಗಳಿಗೆ ಕತ್ತರಿ ಬಿತ್ತು. 1940ರ ಜನವರಿಯಲ್ಲಿ ಬೆಣ್ಣೆ, ಸಕ್ಕರೆಗೆ ಪಡಿತರ ಬಂತು. ಜುಲೈನಲ್ಲಿ ಚಹಾಕ್ಕೂ ಬಂತು: ಒಬ್ಬರಿಗೆ ವಾರಕ್ಕೆ ಎರಡು ಔನ್ಸ್, ಅಂದರೆ ಸುಮಾರು 57 ಗ್ರಾಂ. ಮೊಟ್ಟೆಗಳ ಬದಲು ಅಮೆರಿಕದಿಂದ ಬಂದ ಮೊಟ್ಟೆಪುಡಿಯನ್ನು ನೀರಿನಲ್ಲಿ ಕದಡಿ ಬಳಸುತ್ತಿದ್ದರು. ಓವನ್ ಹೊತ್ತಿಸದೆ ಆಗುವ ತಿಂಡಿಗೆ ಉರುವಲೂ ಕಡಿಮೆ ಸಾಕು. ಅಂಥ ದಿನಗಳಲ್ಲಿ ಇದು ದೊಡ್ಡ ಉಳಿತಾಯ. ಪಡಿತರ ಪೂರ್ತಿ ಕೊನೆಗೊಂಡದ್ದು 1954ರ ಜುಲೈಯಲ್ಲಿ.

ಇನ್ನು ರಾಣಿಯ ವಿಷಯ. 1959ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಸ್ಕಾಟ್ಲೆಂಡಿನ ಬಾಲ್ಮೋರಲ್ ಅರಮನೆಗೆ ಬಂದಾಗ ಎರಡನೇ ಎಲಿಜಬೆತ್ ಡ್ರಾಪ್ ಸ್ಕೋನ್ ಮಾಡುವ ವಿಧಾನ ಕಳಿಸಿಕೊಡುವುದಾಗಿ ಮಾತು ಕೊಟ್ಟಿದ್ದರು. 1960ರ ಜನವರಿ 24ರಂದು ಕೈಯಾರೆ ಪತ್ರ ಬರೆದು ಕಳಿಸಿದರು. ಐಸೆನ್‌ಹೋವರ್ ಹಕ್ಕಿಗಳನ್ನು ಸುಡುತ್ತಾ ನಿಂತ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿ ನೆನಪಾಯಿತಂತೆ. 16 ಜನರಿಗೆಂದು ಕೊಟ್ಟ ಅಳತೆ ಹೀಗಿದೆ: ನಾಲ್ಕು ಟೀ ಕಪ್ ಹಿಟ್ಟು, ನಾಲ್ಕು ದೊಡ್ಡ ಚಮಚ ಸಣ್ಣ ಸಕ್ಕರೆ, ಎರಡು ಟೀ ಕಪ್ ಹಾಲು, ಎರಡು ಮೊಟ್ಟೆ, ಎರಡು ಚಹಾ ಚಮಚ ಸೋಡಾ, ಮೂರು ಚಹಾ ಚಮಚ ಕ್ರೀಮ್ ಆಫ್ ಟಾರ್ಟರ್, ಎರಡು ದೊಡ್ಡ ಚಮಚ ಕರಗಿಸಿದ ಬೆಣ್ಣೆ. ಜನ ಕಡಿಮೆಯಿದ್ದರೆ ಹಿಟ್ಟು, ಹಾಲನ್ನಷ್ಟೇ ಕಡಿಮೆ ಮಾಡುತ್ತೇನೆ, ಹಿಟ್ಟನ್ನು ಚೆನ್ನಾಗಿ ಕಡೆಯಬೇಕು, ಕಲಸಿ ಬಹಳ ಹೊತ್ತು ಇಡಬಾರದು ಎಂದೂ ಬರೆದಿದ್ದಾರೆ.

ಕೊನೆಯ ಮಾತು ನೂರಕ್ಕೆ ನೂರು ಸರಿ. ಈ ಸೋಡಾ ತೇವ ತಾಗಿದ ಕ್ಷಣದಿಂದ ಕೆಲಸ ಶುರುಮಾಡುತ್ತದೆ. ದೋಸೆ ಹಿಟ್ಟಿನಂತೆ ರಾತ್ರಿ ಕಲಸಿಟ್ಟರೆ ಬೆಳಗ್ಗೆ ಗುಳ್ಳೆಯೇ ಇರುವುದಿಲ್ಲ. ಉಳಿದೆರಡು ಸಲಹೆಗಳನ್ನು ನಾನು ಒಪ್ಪುವುದಿಲ್ಲ. ಗೋಧಿ ಹಿಟ್ಟನ್ನು ಹೆಚ್ಚು ಕಡೆದಷ್ಟೂ ಅಂಟು ಬೆಳೆದು ತಿಂಡಿ ನಾರಾಗುತ್ತದೆ, ಒಂದೆರಡು ಗಂಟು ಉಳಿದರೆ ನಷ್ಟವಿಲ್ಲ. ಹಿಟ್ಟು ಇಳಿಸಿ ಸೋಡಾ ಅಷ್ಟೇ ಉಳಿಸಿದರೆ ಸಾಬೂನಿನ ರುಚಿ ಬರುತ್ತದೆ. ಎಂಟು ಜನರಿಗೆ ಎಲ್ಲವನ್ನೂ ಸರಿ ಅರ್ಧ ಮಾಡಿ, ಮೈದಾ ಬಳಸಿ. ಕ್ರೀಮ್ ಆಫ್ ಟಾರ್ಟರ್ ಸಿಗದಿದ್ದರೆ ಅದನ್ನೂ ಸೋಡಾವನ್ನೂ ಬಿಟ್ಟು ಎರಡೂವರೆ ಚಹಾ ಚಮಚ ಬೇಕಿಂಗ್ ಪೌಡರ್ ಹಾಕಬಹುದು. ಮೊಟ್ಟೆ ತಿನ್ನದವರು ಹಾಲಿನ ಬದಲು ಹುಳಿ ಮಜ್ಜಿಗೆ, ಅರ್ಧ ಚಹಾ ಚಮಚ ಸೋಡಾ, ಒಂದು ಚಹಾ ಚಮಚ ಬೇಕಿಂಗ್ ಪೌಡರ್ ಬಳಸಲಿ. ತುಸು ಗಟ್ಟಿಯಾದರೂ ಉಬ್ಬುತ್ತದೆ.

ಹಿಟ್ಟು ಚಮಚದಿಂದ ನಿಧಾನವಾಗಿ ಜಾರಿ ಬೀಳಬೇಕು, ಬಿದ್ದಲ್ಲೇ ದುಂಡಗೆ ನಿಲ್ಲಬೇಕು. ಹರಡಿಕೊಂಡರೆ ಒಂದು ಚಮಚ ಮೈದಾ ಸೇರಿಸಿ. ದಪ್ಪ ತಳದ ಕಬ್ಬಿಣದ ಕಾವಲಿಯೇ ಇದಕ್ಕೆ ಉತ್ತಮ. ಅದರ ಮೇಲೆ ಚಿಟಿಕೆ ಹಿಟ್ಟು ಉದುರಿಸುವುದು ಸ್ಕಾಟ್ಲೆಂಡಿನವರ ಹಳೆಯ ಪರೀಕ್ಷೆ: ಕೆಲವು ಕ್ಷಣಗಳಲ್ಲಿ ಹೊಂಬಣ್ಣಕ್ಕೆ ತಿರುಗಿದರೆ ಹದ, ಕೂಡಲೇ ಕಪ್ಪಾದರೆ ಉರಿ ಹೆಚ್ಚಾಯಿತು. ಬಟ್ಟೆಯಿಂದ ತೆಳ್ಳಗೆ ಬೆಣ್ಣೆ ಸವರಿ. ಬೆಣ್ಣೆ ಹೆಚ್ಚಾದರೆ ಮೈ ನುಣುಪಾಗದೆ ಮಚ್ಚೆ ಮಚ್ಚೆಯಾಗುತ್ತದೆ. ಮೇಲೆದ್ದ ಗುಳ್ಳೆಗಳು ಒಡೆಯಲು ಶುರುವಾದಾಗ ಒಮ್ಮೆ ಮಗುಚಿ, ಒತ್ತಬೇಡಿ. ಬೆಂದವನ್ನು ಮಡಿಸಿದ ಒಣ ಬಟ್ಟೆಯೊಳಗೆ ಮುಚ್ಚಿಟ್ಟರೆ ಅದರದೇ ಹಬೆಯಲ್ಲಿ ಮೆತ್ತಗೆ ಉಳಿಯುತ್ತದೆ. ಮಿಕ್ಕಿದ್ದನ್ನು ಮರುದಿನ ಬೆಳಗ್ಗೆ ಟೋಸ್ಟರ್‌ನಲ್ಲಿ ಬಿಸಿ ಮಾಡಿ ತಿನ್ನಬಹುದು; ಅದಕ್ಕಿಂತ ಹೆಚ್ಚು ಇಡಬೇಡಿ, ಸೋಡಾ ಹಾಕಿದ ತಿಂಡಿ ಬೇಗ ಒಣಗುತ್ತದೆ.