ಹೋಮ್ ಸ್ಕ್ರೀನ್ ಮೇಲೆ ವಿಜೆಟ್ ಬೇಕಾ, ಐಕಾನ್ ಸಾಕಾ? ಈ ಜಗಳ ಶುರುವಾದದ್ದು ಎಲ್ಲಿಂದ

2007ರಲ್ಲಿ ಬಂದ ಮೊದಲ ಐಫೋನ್‌ನಲ್ಲಿ ಹವಾಮಾನದ ಐಕಾನ್ ಇತ್ತು. ನೀಲಿ ಚೌಕ, ಹಳದಿ ಸೂರ್ಯ, ಜೊತೆಗೆ 73 ಡಿಗ್ರಿ ಅನ್ನುವ ಅಂಕಿ. ಫ್ಯಾರನ್‌ಹೀಟ್ ಲೆಕ್ಕ ಅದು, ಸೆಲ್ಸಿಯಸ್‌ನಲ್ಲಿ ಸುಮಾರು 23. ಹೊರಗೆ ಹಿಮ ಬೀಳುತ್ತಿದ್ದರೂ 73, ನೆತ್ತಿ ಸುಡುವ ಬಿಸಿಲಿದ್ದರೂ 73. ಅದು ಬರೀ ಚಿತ್ರ. ಅದೇ ಪರದೆಯಲ್ಲಿದ್ದ ಕ್ಯಾಲೆಂಡರ್ ಐಕಾನ್ ಮಾತ್ರ ಅವತ್ತಿನ ವಾರ, ತಾರೀಖು ಎರಡನ್ನೂ ಸರಿಯಾಗಿ ತೋರಿಸುತ್ತಿತ್ತು. ಒಂದೇ ಅಳತೆಯ ಎರಡು ಚೌಕ. ಒಂದನ್ನು ನೋಡಿದರೆ ಸಾಕು, ಇನ್ನೊಂದನ್ನು ಒತ್ತಿ ಒಳಗೆ ಹೋಗಲೇಬೇಕು.

ಆ್ಯಪ್ ತೆರೆಯದೆಯೇ ಅದರ ಮಾಹಿತಿಯನ್ನು ಪರದೆ ಮೇಲೇ ತೋರಿಸುವ ಚೌಕಕ್ಕೆ ವಿಜೆಟ್ ಅಂತ ಹೆಸರು. ವಿಜೆಟ್ ಬೇಕಾ ಐಕಾನ್ ಸಾಕಾ ಅನ್ನುವ ವಾದ ಇವತ್ತಿಗೂ ಇದೇ ಜಾಗದಲ್ಲಿದೆ. ಜಾಸ್ತಿ ಜನ ಇದನ್ನು ಅಂದಚೆಂದದ ಪ್ರಶ್ನೆ ಅಂದುಕೊಳ್ಳುತ್ತಾರೆ. ಒಬ್ಬರಿಗೆ ತುಂಬಿದ ಪರದೆ ಇಷ್ಟ, ಇನ್ನೊಬ್ಬರಿಗೆ ಖಾಲಿ ಪರದೆ ಇಷ್ಟ, ಅಷ್ಟೇ ಅಂತ. ನನಗೆ ಹಾಗನ್ನಿಸುವುದಿಲ್ಲ. ಐಕಾನ್ ನಿಮ್ಮನ್ನು ಆ್ಯಪ್ ಒಳಗೆ ಕರೆಯುತ್ತದೆ. ವಿಜೆಟ್ ಸರಿಯಾಗಿ ಕೆಲಸ ಮಾಡಿದರೆ ನೀವು ಒಳಗೆ ಹೋಗಬೇಕಾದ್ದೇ ಇಲ್ಲ. ಆ್ಯಪ್ ಮಾಡುವವರಿಗೆ ಇದರಲ್ಲಿ ಯಾವುದು ಲಾಭ, ಬಳಸುವವರಿಗೆ ಯಾವುದು ಲಾಭ ಅಂತ ಕೇಳಿಕೊಂಡು ಹಿಂದಿನ ಕಥೆ ನೋಡಿದರೆ ತುಂಬಾ ವಿಷಯ ಬಿಡಿಸಿಕೊಳ್ಳುತ್ತದೆ.

ವಿಜೆಟ್ ಮೊಬೈಲ್‌ನಲ್ಲಿ ಹುಟ್ಟಿದ್ದಲ್ಲ. 1984ರ ಮ್ಯಾಕಿಂಟಾಷ್ ಕಂಪ್ಯೂಟರ್ ಒಂದು ಸಲಕ್ಕೆ ಒಂದೇ ದೊಡ್ಡ ಪ್ರೋಗ್ರಾಂ ಓಡಿಸುತ್ತಿತ್ತು. ಬರೆಯುತ್ತಾ ಬರೆಯುತ್ತಾ ಒಂದು ಕೂಡುವ ಲೆಕ್ಕ ಮಾಡಬೇಕು ಅಂದರೆ ಬರೆಯುವುದನ್ನು ಮುಚ್ಚಬೇಕಾಗುತ್ತಿತ್ತು. ಅದಕ್ಕೇ ಕ್ಯಾಲ್ಕುಲೇಟರ್, ಗಡಿಯಾರ, ಚೀಟಿ ಬರೆಯುವ ಪುಟ್ಟ ಪುಸ್ತಕ ಇಂಥವನ್ನು ಮೇಲೇ ತೇಲುವ ಹಾಗೆ ಕೊಟ್ಟರು. ಡೆಸ್ಕ್ ಆಕ್ಸೆಸರಿ ಅಂತ ಅವುಗಳ ಹೆಸರು. ಮಾಡುತ್ತಿರುವ ಕೆಲಸ ಬಿಡದೆ ಸಣ್ಣದೊಂದು ಉತ್ತರ ಪಡೆಯಬೇಕು, ಅದೇ ಆಸೆ.

2003ರಲ್ಲಿ ಕಾನ್‌ಫ್ಯಾಬ್ಯುಲೇಟರ್ ಅನ್ನುವ ತಂತ್ರಾಂಶ ಇದನ್ನೇ ಮತ್ತೆ ತಂದಿತು. ಹವಾಮಾನ, ಷೇರು ಬೆಲೆ, ಬ್ಯಾಟರಿ, ಎಲ್ಲವೂ ಡೆಸ್ಕ್‌ಟಾಪ್ ಮೇಲೆ ಬಿಡಿಬಿಡಿಯಾಗಿ. 2005ರ ಏಪ್ರಿಲ್‌ನಲ್ಲಿ ಆಪಲ್ ತನ್ನ ಮ್ಯಾಕ್ ಕಂಪ್ಯೂಟರಿನ ಟೈಗರ್ ಆವೃತ್ತಿಯಲ್ಲಿ ಇಂಥ ವಿಜೆಟ್‌ಗಳನ್ನೇ ತೋರಿಸುವ ಡ್ಯಾಶ್‌ಬೋರ್ಡ್ ಕೊಟ್ಟಿತು. ಎರಡೂ ಎಷ್ಟು ಹತ್ತಿರ ಇದ್ದವು ಅಂದರೆ ನಕಲು ಅನ್ನುವ ದೊಡ್ಡ ಗಲಾಟೆಯೇ ಆಯಿತು. ಅದೇ ವರ್ಷ ಕಾನ್‌ಫ್ಯಾಬ್ಯುಲೇಟರನ್ನು ಯಾಹೂ ಕೊಂಡುಕೊಂಡಿತು. 2007ರಲ್ಲಿ ವಿಂಡೋಸ್ ವಿಸ್ಟಾ ಪರದೆಯ ಪಕ್ಕಕ್ಕೆ ಗ್ಯಾಜೆಟ್‌ಗಳನ್ನು ಅಂಟಿಸಿತು, 2012ರಲ್ಲಿ ಭದ್ರತೆಯ ಕಾರಣಕ್ಕೆ ಮೈಕ್ರೋಸಾಫ್ಟ್ ತಾನೇ ಮುಂದೆ ಬಂದು ಅವನ್ನು ಆಫ್ ಮಾಡಿಕೊಳ್ಳಿ ಅಂದಿತು. ಡ್ಯಾಶ್‌ಬೋರ್ಡ್ ಕೂಡ 2019ರಲ್ಲಿ ಹೋಯಿತು. ದೊಡ್ಡ ಪರದೆಯಲ್ಲಿ ವಿಜೆಟ್ ಗಟ್ಟಿಯಾಗಿ ನಿಲ್ಲಲಿಲ್ಲ. ನಿಲ್ಲದಿರುವುದಕ್ಕೆ ಕಾರಣವೂ ಇದೆ. ಕಂಪ್ಯೂಟರಿನಲ್ಲಿ ನೀವು ತೆರೆದ ಕಿಟಕಿಗಳ ಹಿಂದೆ ಅವು ಮುಚ್ಚಿಹೋಗುತ್ತವೆ. ಫೋನ್ ಹಾಗಲ್ಲ, ದಿನಕ್ಕೆ ಎಷ್ಟೋ ಸಲ ಹೋಮ್ ಸ್ಕ್ರೀನಿಗೆ ವಾಪಸ್ ಬರುತ್ತೇವೆ.

ಈಗ ಫೋನಿಗೆ ಬರೋಣ. 1996ರಲ್ಲಿ ಬಂದ, ಅಂಗೈಯಲ್ಲಿ ಹಿಡಿಯುವ ಪಾಮ್ ಕಂಪನಿಯ ಪೈಲಟ್ ಸಾಧನದಲ್ಲೇ ಐಕಾನ್‌ಗಳ ಸಾಲುಗಳಿದ್ದವು. ಐಫೋನ್ ಆ ದಾರಿಯನ್ನೇ ಹಿಡಿಯಿತು. 2007ರ ಜೂನ್‌ನಲ್ಲಿ ಜನರ ಕೈಗೆ ಬಂದಾಗ ಅದರಲ್ಲಿ ಇದ್ದದ್ದು 16 ಐಕಾನ್, ಕೆಳಗಿನ ನಾಲ್ಕೂ ಸೇರಿ. ಹವಾಮಾನ ಮತ್ತು ಷೇರು ಆ್ಯಪ್‌ಗಳನ್ನು ಸ್ಟೀವ್ ಜಾಬ್ಸ್ ವೇದಿಕೆಯಲ್ಲಿ ಪರಿಚಯಿಸಿದ್ದು ವಿಜೆಟ್ ಅಂತಲೇ. ಆದರೆ ಅವು ಇದ್ದದ್ದು ಐಕಾನಿನ ಹಿಂದೆ, ಒತ್ತಿದರೆ ಇಡೀ ಪರದೆ ತುಂಬಿಕೊಳ್ಳುತ್ತಿದ್ದವು. ಡ್ಯಾಶ್‌ಬೋರ್ಡ್ ಮಾಡಿದ ಕಂಪನಿಯೇ ಫೋನಿನ ಮುಖಪುಟಕ್ಕೆ ವಿಜೆಟ್ ತರಲಿಲ್ಲ. ಮುಂದಿನ ವರ್ಷ ಆ್ಯಪ್ ಸ್ಟೋರ್ ಬಂತು, ಐಕಾನ್‌ಗಳು ಪುಟದ ಮೇಲೆ ಪುಟ ತುಂಬಿದವು, ಹವಾಮಾನದ 73 ಹಾಗೇ ಉಳಿಯಿತು.

ಐಕಾನಿನ ಪರವಾಗಿ ಒಂದು ಮಾತು ಇಲ್ಲೇ ಹೇಳಬೇಕು. ಅದರ ದೊಡ್ಡ ಶಕ್ತಿ ಅಂದರೆ ಅದು ಕದಲುವುದಿಲ್ಲ. ಎರಡನೇ ಸಾಲಿನ ಮೂರನೆಯದು ಕ್ಯಾಮೆರಾ ಅಂತ ಕೈಗೆ ಗೊತ್ತಾಗಿಬಿಡುತ್ತದೆ, ಕಣ್ಣು ಹುಡುಕುವ ಮೊದಲೇ ಬೆರಳು ಅಲ್ಲಿರುತ್ತದೆ. ಓದಲು ಬಾರದವರೂ ಬಣ್ಣ, ಆಕಾರ ನೋಡಿ ಹಿಡಿಯುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹಸಿರು ಬಣ್ಣದ್ದು ವಾಟ್ಸಾಪ್, ಕೆಂಪು ಯೂಟ್ಯೂಬ್ ಅಂತ ಗುರುತು ಹಿಡಿದು ಆರಾಮಾಗಿ ಫೋನ್ ಬಳಸುವ ಅಜ್ಜ ಅಜ್ಜಿಯರಿದ್ದಾರೆ. ಅವರ ಪರದೆ ಮೇಲೆ ಮೊಮ್ಮಗ ಬಂದು ಒಂದು ದೊಡ್ಡ ವಿಜೆಟ್ ಇಟ್ಟು, ಐಕಾನ್‌ಗಳೆಲ್ಲ ಮುಂದಿನ ಪುಟಕ್ಕೆ ಸರಿದರೆ, ಅವರಿಗೆ ಫೋನೇ ಕೆಟ್ಟುಹೋದ ಹಾಗೆ ಅನ್ನಿಸುತ್ತದೆ. ಇದು ಸಣ್ಣ ವಿಷಯ ಅಲ್ಲ.

ಆಂಡ್ರಾಯ್ಡ್ ಬೇರೆ ದಾರಿ ಹಿಡಿಯಿತು. 2008ರ ಅಕ್ಟೋಬರಿನಲ್ಲಿ ಬಂದ ಅದರ ಮೊದಲ ಫೋನ್ ಜಿ1ರಲ್ಲಿ ಮುಳ್ಳಿನ ಗಡಿಯಾರ, ಗೂಗಲ್ ಹುಡುಕು ಪಟ್ಟಿ ಹೋಮ್ ಸ್ಕ್ರೀನ್ ಮೇಲೇ ಇದ್ದವು. 2009ರ ಏಪ್ರಿಲ್‌ನ 1.5 ಆವೃತ್ತಿ, ಅಂದರೆ ಕಪ್‌ಕೇಕ್, ಬೇರೆಯವರೂ ವಿಜೆಟ್ ಮಾಡಬಹುದು ಅಂತ ಬಾಗಿಲು ತೆರೆಯಿತು. ಅದೇ ವರ್ಷ ಎಚ್‌ಟಿಸಿ ಕಂಪನಿಯ ಹೀರೋ ಫೋನ್ ಬಂತು, ಅಂಕಿಗಳು ತಿರುಗಿ ಬೀಳುವ ದೊಡ್ಡ ಗಡಿಯಾರದ ಜೊತೆ. ಆ ಕಂಪನಿಯ ಕೆಲವು ಫೋನ್‌ಗಳಲ್ಲಿ ಹೊರಗೆ ಮಳೆ ಇದ್ದರೆ ಪರದೆ ಮೇಲೂ ಹನಿ ಬಿದ್ದು, ಒಂದು ವೈಪರ್ ಬಂದು ಒರೆಸಿಕೊಂಡು ಹೋಗುತ್ತಿತ್ತು. ಆಗಿನ ಕಾಲಕ್ಕೆ ಅದನ್ನು ತೋರಿಸದ ಅಂಗಡಿಯವರೇ ಇರಲಿಲ್ಲವೇನೋ.

ಆದರೆ ಇದಕ್ಕೆ ಬೆಲೆ ತೆರಬೇಕಿತ್ತು. ಜಿ1ರಲ್ಲಿ ಇದ್ದದ್ದು 192 ಎಂಬಿ ರ‍್ಯಾಮ್, 1150 ಎಂಎಎಚ್ ಬ್ಯಾಟರಿ. ಆಂಡ್ರಾಯ್ಡ್‌ನಲ್ಲಿ ವಿಜೆಟ್ ತಾನಾಗಿ ಓಡುವುದಿಲ್ಲ. ಹೋಮ್ ಸ್ಕ್ರೀನ್ ಅನ್ನುವುದೂ ಒಂದು ಆ್ಯಪ್, ಅದಕ್ಕೆ ಲಾಂಚರ್ ಅಂತ ಹೆಸರು. ಹವಾಮಾನದ ಆ್ಯಪ್ ಆಗಾಗ ಎದ್ದು, ಇಂಟರ್ನೆಟ್‌ನಿಂದ ಮಾಹಿತಿ ತಂದು, ಇಲ್ಲಿ ಈ ಅಂಕಿ ಹಾಕು, ಅಲ್ಲಿ ಮೋಡದ ಚಿತ್ರ ಹಾಕು ಅಂತ ಲಾಂಚರಿಗೆ ಹೇಳಿ ಮತ್ತೆ ಮಲಗುತ್ತದೆ. ಪ್ರತಿ ಸಲ ಎದ್ದಾಗಲೂ ಬ್ಯಾಟರಿ ಖರ್ಚು. ಅದಕ್ಕೇ ಗೂಗಲ್ ಈ ಸಾಮಾನ್ಯ ದಾರಿಯಲ್ಲಿ 30 ನಿಮಿಷಕ್ಕೊಂದು ಸಲಕ್ಕಿಂತ ಜಾಸ್ತಿ ಏಳಬಾರದು ಅಂತ ನಿಯಮ ಮಾಡಿತು. ಬೇರೆ ಅಡ್ಡದಾರಿ ಹಿಡಿದು ಪದೇ ಪದೇ ಏಳುವ ಆ್ಯಪ್‌ಗಳಿದ್ದವು. ವಿಜೆಟ್ ಹಾಕಿದರೆ ಫೋನ್ ನಿಧಾನ ಆಗುತ್ತೆ, ಚಾರ್ಜ್ ನಿಲ್ಲಲ್ಲ ಅಂತ ಇವತ್ತಿಗೂ ಹೇಳುತ್ತಾರಲ್ವಾ, ಆ ಮಾತು ಹುಟ್ಟಿದ್ದು ಆ ದಿನಗಳಲ್ಲಿ. ಆಗ ಅದು ಸುಳ್ಳಾಗಿರಲಿಲ್ಲ. 2015ರ ಆಂಡ್ರಾಯ್ಡ್ 6 ಫೋನ್ ಸುಮ್ನೆ ಬಿದ್ದಿರುವಾಗ ಆ್ಯಪ್‌ಗಳನ್ನು ಮಲಗಿಸಿಡಲು ಶುರು ಮಾಡಿತು, 2017ರ ಆಂಡ್ರಾಯ್ಡ್ 8 ಹಿನ್ನೆಲೆಯ ಓಡಾಟಕ್ಕೆ ಇನ್ನಷ್ಟು ಕಡಿವಾಣ ಹಾಕಿತು. ಬ್ಯಾಟರಿ ಉಳಿಯಿತು, ಆದರೆ ಇನ್ನೊಂದು ತಲೆನೋವು ಜಾಸ್ತಿಯಾಯಿತು. ವಿಜೆಟ್ ಹಳೇ ಸುದ್ದಿ ಹಿಡಿದುಕೊಂಡು ಕೂರುತ್ತದೆ. ಬೆಳಗಿನ ತಾಪಮಾನವನ್ನು ಮಧ್ಯಾಹ್ನ ತೋರಿಸುವ ವಿಜೆಟ್‌ಗಿಂತ ಐಕಾನೇ ವಾಸಿ, ಯಾಕೆಂದರೆ ಐಕಾನ್ ಏನನ್ನೂ ಹೇಳುವ ಭರವಸೆ ಕೊಟ್ಟಿರುವುದಿಲ್ಲ.

ಇವೆರಡರ ನಡುವೆ ಒಂದು ಮೂರನೇ ದಾರಿ ಇತ್ತು. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ. 2010ರ ಕೊನೆಗೆ ಬಂದ ವಿಂಡೋಸ್ ಫೋನ್ 7ರಲ್ಲಿ ಐಕಾನೂ ಇಲ್ಲ, ವಿಜೆಟ್ಟೂ ಇಲ್ಲ, ಲೈವ್ ಟೈಲ್ ಇತ್ತು. ಒಂದೇ ಚೌಕ, ಒತ್ತಿದರೆ ಆ್ಯಪ್ ತೆರೆಯುತ್ತದೆ, ಒತ್ತದಿದ್ದರೂ ಅದರ ಮೇಲೇ ಮುಂದಿನ ಮೀಟಿಂಗ್, ಹೊಸ ಮೇಲ್, ಇವತ್ತಿನ ಹವಾಮಾನ ಕಾಣುತ್ತದೆ. 2012ರ ವಿಂಡೋಸ್ ಫೋನ್ 8ರಲ್ಲಿ ಮೂರು ಅಳತೆಯಲ್ಲಿ ಹಿಗ್ಗಿಸಿ ಕುಗ್ಗಿಸಬಹುದಿತ್ತು. ನೋಕಿಯಾದ ಲೂಮಿಯಾ 520 ಇದನ್ನು ಅಗ್ಗದ ಬೆಲೆಗೆ ನಮ್ಮ ದೇಶದಲ್ಲೂ ತುಂಬಾ ಜನರ ಕೈಗೆ ತಲುಪಿಸಿತು. 512 ಎಂಬಿ ರ‍್ಯಾಮ್‌ನಲ್ಲೂ ಅದು ತಡವರಿಸದೆ ಓಡುತ್ತಿತ್ತು.

ಅದು ಸೋತದ್ದು ಮುಖ್ಯವಾಗಿ ಆ್ಯಪ್‌ಗಳು ಬರದೆ. ಅದು ಎಲ್ಲರಿಗೂ ಗೊತ್ತಿರುವ ಕಾರಣ. ನನಗೆ ಕಾಣುವುದು ಅದರ ಜೊತೆಗಿನ ಇನ್ನೊಂದು. ಜಾಹೀರಾತಿನಿಂದ ಬದುಕುವ ಆ್ಯಪ್ ತನ್ನ ಸುದ್ದಿಯನ್ನು ಹೊರಗಿನ ಚೌಕದಲ್ಲೇ ಪೂರ್ತಿ ಹೇಳಿಬಿಟ್ಟರೆ ಒಳಗೆ ಯಾರು ಬರುತ್ತಾರೆ? ಒಳಗೆ ಬರದಿದ್ದರೆ ಜಾಹೀರಾತು ಯಾರು ನೋಡುತ್ತಾರೆ? ಐಕಾನ್ ಮೇಲಿನ ಕೆಂಪು ಚುಕ್ಕಿ ಅವರಿಗೆ ಇದಕ್ಕಿಂತ ಅನುಕೂಲ. ಅದು ಏನೋ ಇದೆ ಅಂತ ಮಾತ್ರ ಹೇಳುತ್ತದೆ, ಏನು ಅಂತ ಹೇಳುವುದಿಲ್ಲ, ನೋಡಲು ಒಳಗೆ ಹೋಗಲೇಬೇಕು. ಲೈವ್ ಟೈಲ್ ಸತ್ತು ಕೆಂಪು ಚುಕ್ಕಿ ಎಲ್ಲ ಕಡೆ ಹರಡಿದ್ದು ಸುಮ್ನೆ ಆದದ್ದಲ್ಲ ಅನ್ನುವುದು ನನ್ನ ಅನಿಸಿಕೆ. 2021ರಲ್ಲಿ ವಿಂಡೋಸ್ 11 ಬಂದಾಗ ಕಂಪ್ಯೂಟರಿನ ಸ್ಟಾರ್ಟ್ ಮೆನುವಿನಿಂದಲೂ ಟೈಲ್‌ಗಳು ಹೊರಬಿದ್ದವು.

ಅಷ್ಟರಲ್ಲಿ ನಮ್ಮಲ್ಲಿ ಏನಾಗಿತ್ತು? 2014ರಲ್ಲಿ ಶಿಯೋಮಿ ಭಾರತಕ್ಕೆ ಬಂತು. ಅದರ ಫೋನ್‌ಗಳಲ್ಲಿದ್ದ ಎಂಐಯುಐ ತಂತ್ರಾಂಶ ಐಫೋನಿನ ಹಾಗೆ ಎಲ್ಲ ಆ್ಯಪ್‌ಗಳನ್ನೂ ಹೋಮ್ ಸ್ಕ್ರೀನ್ ಮೇಲೇ ಸುರಿಯುತ್ತಿತ್ತು, ಆ್ಯಪ್‌ಗಳನ್ನು ಬೇರೆಯಾಗಿ ಇಡುವ ಡ್ರಾಯರ್ ಅನ್ನುವ ಪುಟ ಇರಲಿಲ್ಲ. ಮೊದಲ ಸ್ಮಾರ್ಟ್‌ಫೋನ್ ಆಗಿ ರೆಡ್ಮಿ ಕೊಂಡ ಲೆಕ್ಕವಿಲ್ಲದಷ್ಟು ಜನರಿಗೆ ಹೋಮ್ ಸ್ಕ್ರೀನ್ ಅಂದರೆ ಸಾಲು ಸಾಲು ಐಕಾನ್ ಅಂತಲೇ ಅಭ್ಯಾಸವಾಯಿತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಆ ಸಾಲುಗಳು ಇನ್ನೂ ಉದ್ದವಾದವು.

ಆಪಲ್ ಬಗ್ಗಿದ್ದು ನಿಧಾನಕ್ಕೆ. 2011ರಲ್ಲಿ ಮೇಲಿಂದ ಎಳೆದರೆ ಕಾಣುವ ನೋಟಿಫಿಕೇಶನ್ ಪಟ್ಟಿಯಲ್ಲಿ ಹವಾಮಾನ ಮತ್ತು ಷೇರು, 2013ರಲ್ಲಿ ನಿಜವಾದ ಸಮಯ ತೋರಿಸುವ ಗಡಿಯಾರದ ಐಕಾನ್, 2014ರಲ್ಲಿ ಬೇರೆ ಆ್ಯಪ್‌ಗಳ ವಿಜೆಟ್‌ಗೂ ಅದೇ ಪಟ್ಟಿಯಲ್ಲಿ ಒಂದು ಜಾಗ. ಕೊನೆಗೆ 2020ರ ಸೆಪ್ಟೆಂಬರ್‌ನ ಐಫೋನ್ ತಂತ್ರಾಂಶ ಐಓಎಸ್ 14ರಲ್ಲಿ ಐಕಾನ್‌ಗಳ ನಡುವೆಯೇ ವಿಜೆಟ್. ಕಪ್‌ಕೇಕ್ ಬಂದು ಹನ್ನೊಂದು ವರ್ಷವಾಗಿತ್ತು! ಬ್ಯಾಟರಿಯ ವಿಷಯದಲ್ಲಿ ಆಪಲ್ ಹುಷಾರಾಗಿತ್ತು. ಇಷ್ಟು ಗಂಟೆಗೆ ಇದು, ಇಷ್ಟು ಗಂಟೆಗೆ ಅದು ಅಂತ ಆ್ಯಪ್ ಮೊದಲೇ ಒಂದು ಪಟ್ಟಿ ಬರೆದು ಕೊಡಬೇಕು, ಫೋನ್ ಅದನ್ನು ನೋಡಿ ಬದಲಾಯಿಸುತ್ತಾ ಹೋಗುತ್ತದೆ. ಪದೇ ಪದೇ ಕಣ್ಣಿಗೆ ಬೀಳುವ ವಿಜೆಟ್‌ಗೂ ದಿನಕ್ಕೆ ಸಾಮಾನ್ಯವಾಗಿ 40ರಿಂದ 70 ಸಲ ಮಾತ್ರ ಹೊಸದಾಗಿ ತುಂಬಿಕೊಳ್ಳುವ ಅವಕಾಶ. ಒಳಗೆ ಗುಂಡಿ ಇಡುವ ಹಾಗಿರಲಿಲ್ಲ, ಎಲ್ಲಿ ಮುಟ್ಟಿದರೂ ಆ್ಯಪ್ ತೆರೆಯುತ್ತಿತ್ತು. ಅಂದರೆ ವಿಜೆಟ್ ಬಂದರೂ ಅರ್ಧ ಐಕಾನ್ ಆಗಿಯೇ ಉಳಿಯಿತು. ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಒಂದಕ್ಕೆ ಟಿಕ್ ಹಾಕುವುದಕ್ಕೂ 2023ರ ಐಓಎಸ್ 17ರ ತನಕ ಕಾಯಬೇಕಾಯಿತು.

ಐಓಎಸ್ 14 ಬಂದ ವಾರವೇ ವಿಜೆಟ್‌ಸ್ಮಿತ್ ಅನ್ನುವ, ನಮಗೆ ಬೇಕಾದ ಬಣ್ಣದಲ್ಲಿ ವಿಜೆಟ್ ಮಾಡಿಕೊಳ್ಳುವ ಆ್ಯಪ್, ಆ್ಯಪ್ ಸ್ಟೋರಿನ ಪಟ್ಟಿಯ ಮೇಲಕ್ಕೇರಿತು. ಟಿಕ್‌ಟಾಕ್ ತುಂಬ ಬಣ್ಣ ಹೊಂದಿಸಿದ ಹೋಮ್ ಸ್ಕ್ರೀನ್‌ಗಳ ವಿಡಿಯೋ. ಇದನ್ನು ಹುಡುಗಾಟ ಅಂತ ತಳ್ಳಿಹಾಕಿದವರಿದ್ದರು. ನಾನು ಹಾಗೆ ಮಾಡಲಾರೆ. ಹದಿಮೂರು ವರ್ಷ ಒಂದೇ ಥರ ಇದ್ದ ಪರದೆಯನ್ನು ತಮ್ಮದು ಅಂತ ಮಾಡಿಕೊಳ್ಳಲು ಜನ ಎಷ್ಟು ಕಾದಿದ್ದರು ಅನ್ನುವುದು ಅಲ್ಲಿ ಕಂಡಿತು. ಮುಂದಿನ ವರ್ಷ ಆಂಡ್ರಾಯ್ಡ್ 12 ತನ್ನ ಹಳೇ ವಿಜೆಟ್‌ಗಳಿಗೆ ಹೊಸ ರೂಪ ಕೊಟ್ಟಿತು. 2024ರ ಐಓಎಸ್ 18ರಲ್ಲಿ ಐಕಾನನ್ನು ಬೇಕಾದ ಜಾಗದಲ್ಲಿ ಇಡಬಹುದು, ಹಿಡಿದು ಎಳೆದು ವಿಜೆಟ್ ಮಾಡಬಹುದು. ಲೈವ್ ಟೈಲ್ ಹೇಳಿದ್ದು ಇದನ್ನೇ ಅಲ್ವಾ.

ಹಾಗಾದರೆ ಇವತ್ತು ಏನು ಇಟ್ಟುಕೊಳ್ಳಬೇಕು? ನಾನು ಬಳಸುವ ಪರೀಕ್ಷೆ ಒಂದೇ. ಆ್ಯಪ್ ತೆರೆಯದೆ ನನ್ನ ಕೆಲಸ ಮುಗಿಯಿತಾ? ಮುಗಿದರೆ ವಿಜೆಟ್ ಆ ಜಾಗಕ್ಕೆ ಯೋಗ್ಯ. ಇವತ್ತಿನ ಕಾರ್ಯಕ್ರಮಗಳು, ಮಳೆಯ ಸೂಚನೆ, ಕೆಲಸದ ಪಟ್ಟಿ, ಓಡುತ್ತಿರುವ ಹಾಡನ್ನು ನಿಲ್ಲಿಸುವ ಗುಂಡಿ, ಇವು ಪಾಸಾಗುತ್ತವೆ. ಸುದ್ದಿ ಆ್ಯಪ್‌ನ ವಿಜೆಟ್ ಸಾಮಾನ್ಯವಾಗಿ ಪಾಸಾಗುವುದಿಲ್ಲ, ಅರ್ಧ ತಲೆಬರಹ ತೋರಿಸಿ ಒಳಗೆ ಕರೆಯುವುದೇ ಅದರ ಕೆಲಸ. ದುಡ್ಡು ಕಳಿಸುವ ಆ್ಯಪ್‌ಗೆ ವಿಜೆಟ್ ಬೇಕಾಗಿಲ್ಲ, ತರಕಾರಿ ಅಂಗಡಿ ಮುಂದೆ ನಿಂತಾಗ ಬೇಕಾದದ್ದು ಕ್ಯೂಆರ್ ಸ್ಕ್ಯಾನರ್ ಒಂದೇ. ಅದಕ್ಕೆ ಐಕಾನನ್ನು ಒತ್ತಿ ಹಿಡಿದು, ಬರುವ ಪಟ್ಟಿಯಲ್ಲಿ ಸ್ಕ್ಯಾನ್ ಇದ್ದರೆ ಅದನ್ನು ಹೋಮ್ ಸ್ಕ್ರೀನಿಗೆ ಎಳೆದು ಬಿಡಿ. 2016ರ ಆಂಡ್ರಾಯ್ಡ್ 7.1ರಿಂದ ಈ ಸೌಲಭ್ಯ ಇದೆ, ಎಷ್ಟೋ ಜನ ಮುಟ್ಟಿಯೇ ನೋಡಿಲ್ಲ.

ಜಾಗದ ಮೇಲೆ ಕಂಪನಿಗಳ ಕಣ್ಣು ಇದ್ದೇ ಇದೆ. ಬೆಂಗಳೂರಿನ ಇನ್‌ಮೋಬಿ ಹುಟ್ಟುಹಾಕಿದ ಗ್ಲಾನ್ಸ್, ಲಾಕ್ ಸ್ಕ್ರೀನ್ ಮೇಲೆ ಸುದ್ದಿ, ವಿಡಿಯೋ, ಆಟ ತರುವ ಸೇವೆ. 2020ರ ಡಿಸೆಂಬರಿನಲ್ಲಿ ಗೂಗಲ್ ಅದರಲ್ಲಿ ಹಣ ಹೂಡಿತು. ಬೀಗ ತೆಗೆಯುವ ಮೊದಲಿನ ಪರದೆಗೂ ಅಷ್ಟು ಬೆಲೆ ಇದೆ ಅಂದಮೇಲೆ ಹೋಮ್ ಸ್ಕ್ರೀನಿಗೆ ಎಷ್ಟಿರಬೇಡ. ನೀವು ಇಡದೆ ಬಂದು ಕೂತ ವಿಜೆಟ್ ಯಾವುದೇ ಇರಲಿ, ಮೊದಲು ತೆಗೆಯಿರಿ, ಆಮೇಲೆ ಬೇಕಾದರೆ ವಾಪಸ್ ಇಟ್ಟುಕೊಳ್ಳಬಹುದು.

ಕನ್ನಡದಲ್ಲಿ ಫೋನ್ ಬಳಸುವವರ ಪಾಡು ಇನ್ನೊಂದಿದೆ. 2014ರ ಆಂಡ್ರಾಯ್ಡ್ 5ರಲ್ಲಿ ಇಡೀ ಫೋನನ್ನು ಕನ್ನಡಕ್ಕೆ ಬದಲಾಯಿಸಿಕೊಳ್ಳುವ ಅವಕಾಶ ಬಂತು. ಐಕಾನ್ ಕೆಳಗಿನ ಹೆಸರು ಉದ್ದವಾಗಿ ಮೂರು ಚುಕ್ಕಿಯಲ್ಲಿ ಮುಗಿದರೂ ತೊಂದರೆಯಿಲ್ಲ, ಚಿತ್ರ ಇದೆಯಲ್ಲ. ವಿಜೆಟ್ ಹಾಗಲ್ಲ, ಅದನ್ನು ಓದಲೇಬೇಕು. ಇಂಗ್ಲಿಷಿನ ಅಳತೆಗೆ ಕಟ್ಟಿದ ಚೌಕದಲ್ಲಿ ಕನ್ನಡದ ಸಾಲು ಅರ್ಧಕ್ಕೇ ನಿಲ್ಲುತ್ತದೆ, ಕೆಲವು ಕಡೆ ಒತ್ತಕ್ಷರದ ಕೆಳಭಾಗವೇ ಕತ್ತರಿಸಿಹೋಗಿರುತ್ತದೆ, ಇನ್ನು ಕೆಲವು ವಿಜೆಟ್‌ಗಳು ಫೋನ್ ಕನ್ನಡದಲ್ಲಿದ್ದರೂ ಇಂಗ್ಲಿಷಿನಲ್ಲೇ ಮಾತಾಡುತ್ತವೆ. ಆ್ಯಪ್ ಮಾಡುವ ಗೆಳೆಯರು ಬೆಂಗಳೂರಿನಲ್ಲೇ ಸಾಕಷ್ಟು ಜನ ಇದ್ದೀರಿ. ವಿಜೆಟ್ ಬಿಡುಗಡೆ ಮಾಡುವ ಮೊದಲು ನಿಮ್ಮ ಫೋನಿನ ಭಾಷೆಯನ್ನು ಕನ್ನಡ ಮಾಡಿ, ಅಕ್ಷರದ ಗಾತ್ರವನ್ನು ಒಂದು ಹಂತ ದೊಡ್ಡದು ಮಾಡಿ, ಅದರಲ್ಲಿ “ಗುರುವಾರ, ಸೆಪ್ಟೆಂಬರ್” ಅನ್ನುವ ಸಾಲು ಪೂರ್ತಿ ಕಾಣುತ್ತದಾ ಅಂತ ಒಮ್ಮೆ ನೋಡಿ.